ಪ್ರಮೀಳಮ್ಮ ಹೊಲಿದ ಕೊನೆಯ ಹೊದಿಕೆ

ಕಾಶಿಯ ಶಿವಾಲದ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಪ್ರಮೀಳಮ್ಮನನ್ನು ಕಸುಬು ಏನೆಂದು ಕೇಳಿದೆ. "ಹೊಲಿಗಿ," ಎಂದಷ್ಟೇ ಹೇಳಿದರು. ಇಲ್ಲೇ ಹುಟ್ಟಿ ಬೆಳೆದ ಕನ್ನಡಿಗ ನಾನು. ನಾಚಿಕೆ ಸ್ವಲ್ಪ ಕಡಿಮೆ. ಮರುದಿನವೇ ಎರಡು ಹರಿದ ದಿಂಬು ಹೊತ್ತು ಮೇಲೆ ಹೋದೆ. ಆಕೆ ಮರುಮಾತಾಡದೆ ಹೊಲಿದು ಕೊಟ್ಟರು. ನಕ್ಕವರು ಮಂಚದ ಮೇಲೆ ಕೂತಿದ್ದ ಅವರ ಅಕ್ಕ, ತಾರಾದೇವಿ.

"ಏನಪಾ ಬಾಲಚಂದ್ರ, ಉಪಗ್ರಹಕ್ಕ ಅಂಗಿ ಹೊಲದಾಕಿ ಕೈಲೆ ತಲೆದಿಂಬು ಹೊಲಿಸಿದೆಲ್ಲಾ!"

ಹಾಗೆ ಗೊತ್ತಾಯಿತು. ಬಾಹ್ಯಾಕಾಶಕ್ಕೆ ಮನುಷ್ಯರಿಲ್ಲದೆ ಹೋಗುವ ನೌಕೆಗಳಿಗೆ ಪ್ರಮೀಳಮ್ಮ ಬೆಂಗಳೂರಿನಲ್ಲಿ ನಿವೃತ್ತಿಯವರೆಗೂ ಹೊದಿಕೆ ಹೊಲಿದವರು. ಚಿತ್ರಗಳಲ್ಲಿ ನೌಕೆಗೆ ಸುತ್ತಿರುವ ಬಂಗಾರದ ಬಣ್ಣದ ಹಾಳೆಯನ್ನು ನಾನು ಅಲಂಕಾರವೆಂದೇ ತಿಳಿದಿದ್ದೆ. ಅಲ್ಲಿ ಬಿಸಿಲು ಬಿದ್ದ ಕಡೆ ಸುಡುತ್ತದೆ, ನೆರಳಿನ ಕಡೆ ಮರಗಟ್ಟಿಸುವ ಚಳಿ. ಅದಕ್ಕೇ ತೆಳ್ಳನೆಯ ಹೊಳೆಯುವ ಪದರಗಳನ್ನು ಒಂದರ ಮೇಲೊಂದು ಇಟ್ಟು, ಅವು ಒಂದಕ್ಕೊಂದು ತಾಗಿ ಶಾಖ ಸೋರದಂತೆ ನಡುನಡುವೆ ಬಲೆಬಟ್ಟೆ ಹಾಸಿ ಹೊಲಿಯುತ್ತಾರೆ. ಬೆವರಿನ ಕಲೆ ಆಗಬಾರದೆಂದು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಆಕೆ ನನ್ನ ದಿಂಬನ್ನೂ ಕೈಗವಸು ತೊಟ್ಟೇ ಹೊಲಿದಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಹೊದಿಕೆಯಲ್ಲಿ ಬಿಡುವ ಸಣ್ಣ ಸಣ್ಣ ತೂತು. ರಾಕೆಟ್ಟು ಏರಿದಂತೆ ಹೊರಗೆ ಗಾಳಿ ಇಲ್ಲವಾಗುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಹೊರಬರದಿದ್ದರೆ ಹೊದಿಕೆ ಪೂರಿಯಂತೆ ಉಬ್ಬಿ ಹರಿದುಹೋಗುತ್ತದೆ.

"ಒಳಗಿಂದು ಹೊರಗ ಹೋಗಾಕ ದಾರಿ ಬಿಡಬೇಕ್ರಿ," ಎನ್ನುತ್ತಿದ್ದರು ಪ್ರಮೀಳಮ್ಮ. "ಅದನ್ನ ಮರತ್ರ ಹೊಲದದ್ದೆಲ್ಲಾ ದಂಡ."

ಆಕೆಗೆ ಸೂಜಿ ಹಿಡಿಯಲು ಕಲಿಸಿದ್ದು ತಾರಕ್ಕನೇ. ಗದಗಿನ ಕಡೆಯ ಹಳ್ಳಿಯಲ್ಲಿ ತಾಯಿ ತೀರಿಕೊಂಡ ಮೇಲೆ ಮಗುವಾಗಿದ್ದ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಳೆಯ ಸೀರೆಗಳ ಕೌದಿ ಹೊಲಿದವರು ಈ ಅಕ್ಕ. ಪ್ರಮೀಳಮ್ಮ ಮದುವೆಯಾಗಲಿಲ್ಲ, ಅಕ್ಕ ಬಿಟ್ಟರೆ ತನ್ನವರೆಂಬವರು ಆಕೆಗೆ ಯಾರೂ ಇರಲಿಲ್ಲ. ಗಂಡ ಹೋದ ಮೇಲೆ ತಾರಕ್ಕ, ಸಾಯುವ ತನಕ ಕಾಶಿ ಬಿಟ್ಟು ಕದಲುವುದಿಲ್ಲವೆಂದು ಸಂಕಲ್ಪ ಮಾಡಿ ಬಂದಿದ್ದರು. ಗಂಗೆಯ ಆಚೆ ದಡದ ರಾಮನಗರದ ಕೋಟೆ ನೋಡಿ ಬರೋಣವೆಂದರೂ ಬರುತ್ತಿರಲಿಲ್ಲ. "ಆ ದಂಡಿಗೆ ಸತ್ರ ಅಗಸರ ಕತ್ತಿ ಆಗಿ ಹುಟ್ಟತಾರಂತ. ಈ ಜನ್ಮದಾಗ ಹೊತ್ತದ್ದು ಸಾಕು," ಎಂದು ನಗಿಸುತ್ತಿದ್ದರು.

ಹೋದ ಪುಷ್ಯಮಾಸದಲ್ಲಿ ಅವರ ಹೃದಯ ಸೋತಿತು. ಇಲ್ಲಿಯ ಡಾಕ್ಟರು ಕೈಚೆಲ್ಲಿದರು. ಬೆಂಗಳೂರಿಗೆ ಒಯ್ದರೆ ಇನ್ನಷ್ಟು ಕಾಲ ಉಳಿದಾರು ಎಂದರು. ಪ್ರಮೀಳಮ್ಮ ಅಕ್ಕನನ್ನು ಕೇಳಲೇ ಇಲ್ಲ, ರೈಲಿಗೆ ಟಿಕೆಟ್ ಮಾಡಿಸಿದರು. ತಾರಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ನನಗೂ ಸಿಟ್ಟು ಬಂತು. ವ್ರತ ಮುರಿಸಲು ಈಕೆ ಯಾರು ಎನಿಸಿತು.

ದಾರಿಯ ಚಳಿಗೆಂದು ಪ್ರಮೀಳಮ್ಮ ಹೊದಿಕೆ ಹೊಲಿಯಲು ಕೂತರು. ಮದುವೆ ಮಂಟಪಕ್ಕೆ ಅಂಟಿಸುವ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಹಾಳೆ, ಸೊಳ್ಳೆಪರದೆ, ಮೇಲೊಂದು ಕೆಳಗೊಂದು ಅಕ್ಕನ ಹಳೆಯ ಇಳಕಲ್ ಸೀರೆ. "ಇದೇನು ಶಾಖ ಕೊಡೂದಿಲ್ರಿ. ಮೈಯಾಗ ಇದ್ದದ್ದನ್ನ ಹೋಗಗೊಡೂದಿಲ್ಲ, ಅಷ್ಟ," ಎಂದರು ನನಗೆ.

ಹೊರಡುವ ಹಿಂದಿನ ಮಧ್ಯಾಹ್ನ ಅದನ್ನು ಅಕ್ಕನಿಗೆ ಹೊದಿಸಿದರು. ಹೊದಿಕೆ ಎದೆಯ ಮೇಲೆ ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಿತು. ತಾರಕ್ಕ ಅಂಚಿನುದ್ದಕ್ಕೂ ಮೆಲ್ಲಗೆ ಬೆರಳಾಡಿಸಿದರು.

"ಪಮ್ಮಿ, ತೂತು ಎಲ್ಲಿ ಬಿಟ್ಟಿ?"

ಅಂಚಿಗೆ ಒತ್ತೊತ್ತಾಗಿ ಎರಡು ಸಾಲು ಹೊಲಿಗೆ ಬಿದ್ದಿತ್ತು. ಜೀವಮಾನದಲ್ಲಿ ಒಮ್ಮೆಯೂ ಮರೆಯದ್ದನ್ನು ಆಕೆ ಮರೆತಿದ್ದರು.

"ಯಾವ್ಯಾವುದೋ ನೌಕಿಗೆಲ್ಲಾ ದಾರಿ ಬಿಟ್ಟಿ," ಎಂದರು ತಾರಕ್ಕ. ಪ್ರತಿ ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ನನಗ ಮಾತ್ರ ನಾಕೂ ಕಡೆ ಹೊಲದಿಯಲ್ಲ, ತಂಗಿ. ನಾ ಹ್ಯಾಂಗ ಹೋಗ್ಲಿ?"

"ಹೋಗಬ್ಯಾಡ," ಎಂದರು ಪ್ರಮೀಳಮ್ಮ. ಕೂದಲೆಲ್ಲಾ ಹಣ್ಣಾದ ಹೆಂಗಸು, ಮಗುವಿನ ದನಿಯಲ್ಲಿ. "ನೀ ಹೋದ್ರ ನನಗ್ಯಾರದಾರ?"

ತಾರಕ್ಕ ತಂಗಿಯ ಕೈ ಎಳೆದುಕೊಂಡು ಕೈಗವಸು ಕಳಚಿ ಪಕ್ಕಕ್ಕಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಪ್ರಮೀಳಮ್ಮ ಕತ್ತರಿ ತೆಗೆದುಕೊಂಡು, ಅಕ್ಕನ ಗದ್ದದ ಹತ್ತಿರದ ಅಂಚನ್ನು ಬರಿಗೈಯಲ್ಲೇ ಹಿಡಿದು ಹೊಲಿಗೆ ಬಿಚ್ಚತೊಡಗಿದರು. ಹೊದಿಕೆ ನಿಧಾನವಾಗಿ ಇಳಿದು ತಾರಕ್ಕನ ಮೈಗೆ ಕೂತಿತು. ಸಂಜೆ ನನ್ನನ್ನು ಕರೆದು ಟಿಕೆಟ್ ರದ್ದು ಮಾಡಿಸಲು ಹೇಳಿದರು.

ಆ ವಾರವೇ ತಾರಕ್ಕ ಹೋದರು, ತಂಗಿಯ ಕೈ ಹಿಡಿದುಕೊಂಡು, ಕಾಶಿಯಲ್ಲೇ.

ಅಂಗಡಿಯಿಂದ ತಂದ ಜರಿಯ ಹೊದಿಕೆ ಹೊದಿಸಿ ಓಣಿಯ ಹುಡುಗರು ಚಟ್ಟಕ್ಕೆ ಬಿಗಿಯಾಗಿ ಕಟ್ಟಿದರು. ಇಲ್ಲಿ ಎಲ್ಲರಿಗೂ ಹೊದಿಸುವುದು ಅಂಥದ್ದೇ, ಬಂಗಾರದ ಹಾಗೆ ಹೊಳೆಯುವಂಥದ್ದು. ಪ್ರಮೀಳಮ್ಮ ಅದನ್ನು ನೋಡುತ್ತಾ ನಿಂತಿದ್ದರು. ಎತ್ತುವ ಹೊತ್ತಿಗೆ ಅಡ್ಡ ಬಂದರು.

"ತಲಿ ಕಡೆ ಗಂಟು ಸ್ವಲ್ಪ ಸಡಿಲ ಮಾಡ್ರಿ," ಎಂದರು.

ಹುಡುಗರಿಗೆ ಕನ್ನಡ ಬರದು. ನನ್ನ ಮುಖ ನೋಡಿದರು. ನಾನೇ ಬಗ್ಗಿ ಗಂಟು ಸಡಿಲಿಸಿದೆ.