ಮಾವ ನಡೆಸಿದ ಪಾದಪರೀಕ್ಷೆ

ಗೆಳೆಯರೇ, ಇವತ್ತು ಹಿಂದೂಪುರದ ನಮ್ಮ ಮನೆಯಲ್ಲಿ ಎಲ್ಲರ ಪಾದಪರೀಕ್ಷೆ ಆಯಿತು. ಪರೀಕ್ಷಕರು ಕಲ್ಯಾಣದುರ್ಗದ ಕಡೆಯಿಂದ ಬಂದ ನನ್ನ ಸೋದರಮಾವ. ಕುರಿ ಸಾಕುವವರು, ಹತ್ತು ವರ್ಷದಿಂದ ಶುಗರ್ ಬೇರೆ.

ಅಮ್ಮ ಆಗತಾನೇ ಒರೆಸಿದ ನೆಲದ ಮೇಲೆ ರಕ್ತದ ಕಲೆಗಳನ್ನು ಮೊದಲು ಕಂಡವರೂ ಮಾವನೇ.

“ಯಾರದು ಕಾಲು ಕುಯ್ಕೊಂಡ್ಬುಟ್ಟಿರೋದು? ಎಲ್ಲಾರೂ ತೋರ್ಸಿ!”

ಕುರಿಯ ಗೊರಸು ನೋಡುವ ಹಾಗೆ ನನ್ನ ಪಾದ ಎತ್ತಿ, ತಿರುಗಿಸಿ, ಬೆರಳ ಸಂದಿಯನ್ನೂ ಬಿಡಿಸಿ ನೋಡಿದರು. ಆಮೇಲೆ ನನ್ನ ಮಗಳದ್ದು, ಕೊನೆಗೆ ಅಮ್ಮನದ್ದು. ಯಾರಿಗೂ ಒಂದು ಗೀರೂ ಇಲ್ಲ. ಮಾವ ಹುಡುಕುತ್ತಾ ಓಡಾಡಿದಷ್ಟೂ ಕಲೆಗಳು ಮಾತ್ರ ಹೆಚ್ಚುತ್ತಿದ್ದವು.

ಅಮ್ಮ ರೇಗಿದಳು. “ಎಲ್ಲಾರ್ದೂ ನೋಡಿದ್ಯಲ್ಲೋ, ನಿಂದು ನೋಡ್ಕೊಳೋ!”

“ನಂದ್ಯಾಕಕ್ಕಾ? ನಂಗೆ ನೋವೇ ಇಲ್ವಲ್ಲ!”

ನೋಡಿದರೆ ಅಂಗಾಲಿನಲ್ಲಿ ಉದ್ದದ ಜಾಲಿಮುಳ್ಳು, ಸುತ್ತಲೂ ಹುಣ್ಣು.

ತಕ್ಷಣ ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಮುಳ್ಳು ತೆಗೆದು, ಹುಣ್ಣು ತೊಳೆದು, ಪಟ್ಟಿ ಕಟ್ಟಿದರು. “ನೋವು ಗೊತ್ತಾಗ್ದೆ ಇರೋದೇ ನಿಮ್ಮ ಕಾಯಿಲೆ, ಯಜಮಾನ್ರೇ. ಬೇಗ ಬಂದಿದ್ದಕ್ಕೆ ಕಾಲು ಉಳೀತು. ಹುಣ್ಣು ಮಾಯೋ ತನಕ ಕುರಿ ಹಿಂದೆ ಹೋಗ್ಬೇಡಿ. ದಿನಾ ಪಾದ ನೋಡ್ಕೊಳಿ.”

ವಾಪಸ್ಸು ಬರುವಾಗ ಮಾವ ಊರಿನಲ್ಲಿದ್ದ ಅತ್ತೆಗೆ ಫೋನ್ ಮಾಡಿ ಎದೆಯುಬ್ಬಿಸಿ ಹೇಳಿದರು: “ಮುಳ್ಳು ಬೇಗ ಸಿಕ್ಬುಡ್ತು ಕಣೇ, ಕಾಲು ಉಳ್ಕೊಂತು. ಎಲ್ಲಾರ ಕಾಲೂ ನೋಡಿ ನಾನೇ ಹುಡುಕಿ ಹಿಡ್ದೆ!”

ಸ್ಪೀಕರಿನಲ್ಲಿ ಅತ್ತೆ ಕೇಳಿದ್ದು ಇಷ್ಟೇ: “ಯಾವ ಕುರಿದು?”