ಕೊನೆಯ ಕೋಣೆಯ ಗಂಟೆ

ಬೀಗ ಹಾಕಿದ ಮೇಲೂ ಜಗ್ಗಿ ಜಗ್ಗಿ ನೋಡುವ ಆಸಾಮಿಗೆ ಆಫೀಸಿನವರು ಅನುಮಾನಪ್ಪ ಅಂತ ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಶೀತಲ ಗೋದಾಮಿನ ಕಂಪ್ಯೂಟರ್ ವಿಭಾಗದಲ್ಲಿ ಅವನದು ಯಾರ ಕಣ್ಣಿಗೂ ಬೀಳದ ಕೆಲಸ: ಬೇರೆ ಪ್ರೋಗ್ರಾಮುಗಳನ್ನು ಎಬ್ಬಿಸಿ, ಏನು ಮಾಡಬೇಕೆಂದು ಹೇಳಿ ಕಳಿಸುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು. ಆ ಹಳೆಯ ಕೋಡು ಹೇಳಬೇಕಾದ ಮಾತನ್ನು ಅಳೆದಿಟ್ಟ ಜಾಗದಲ್ಲಿ ತುರುಕುತ್ತಿತ್ತು. ಅಲ್ಲಿ ಹಿಡಿಯದೆ ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸಿ ಎಸೆಯುತ್ತಿತ್ತು. ಅದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮ್ಯಾನೇಜರಮ್ಮನ ಬೆನ್ನು ಬಿದ್ದು ಒಪ್ಪಿಸಿ, ತನ್ನ ಉದ್ದವನ್ನು ತಾನೇ ಬಲ್ಲ, ಒಂದಕ್ಷರವೂ ಉದುರದ ಹೊಸ ಬಗೆಯ ಸ್ಟ್ರಿಂಗಿಗೆ, ಅಂದರೆ ಅಕ್ಷರಗಳ ಸರಕ್ಕೆ, ಎಲ್ಲವನ್ನೂ ಬದಲಾಯಿಸಿದ.

ಮಧ್ಯಾಹ್ನ ಊಟವಾದ ಮೇಲೆ ಹೊಸ ಕೋಡು ಚಾಲೂ ಮಾಡಿದ್ದೇ ತಡ, ಕೋಣೆಗಳನ್ನು ತಂಪಾಗಿಡುವ ಅಮೋನಿಯ ಅನಿಲ ಸೋರಿದರೆ ಬಡಿಯುವ ಗಂಟೆ ಬಾಯಿ ಬಾಯಿ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಕೆಂಪಗೆ ಬಂತು: ಕೊನೆಯ ಕೋಣೆ.

"ಇಷ್ಟು ವರ್ಷ ತೆಪ್ಪಗಿತ್ತಲ್ರೀ! ನಿಮ್ಮ ಕೋಡೇ ಕೈಕೊಟ್ಟಿದೆ. ಹಳೇದನ್ನೇ ಹಾಕಿ," ಎನ್ನುತ್ತಾ ಮ್ಯಾನೇಜರಮ್ಮ ಕುರ್ಚಿಯ ಹಿಂದೆ ಬಂದು ನಿಂತರು. "ಲಾರಿಗಳು ಬಾಗಿಲಲ್ಲಿ ಕಾಯ್ತಿವೆ. ಸುಳ್ಳು ಗಂಟೆ ಅಂತ ಕೆಳಗೆ ಹೇಳಿದ್ದೀನಿ."

ಒಂದು ಗುಂಡಿ ಒತ್ತಿದರೆ ಗಂಟೆ ನಿಲ್ಲುತ್ತಿತ್ತು. ಬೆರಳು ಅದರ ಮೇಲೇ ಇತ್ತು. ಅವನಿಗೂ ಮೊದಲು ಅನುಮಾನ ಬಂದದ್ದು ತನ್ನ ಕೆಲಸದ ಮೇಲೆಯೇ. ಆದರೂ ಚಾಳಿ ಬಿಡಬೇಕಲ್ಲ! ಹಳೆಯ ಕೋಡು ಗಂಟೆಯ ಪ್ರೋಗ್ರಾಮಿಗೆ ಏನು ಹೇಳಿ ಕಳಿಸುತ್ತಿತ್ತೆಂದು ತೆಗೆದು ನೋಡಿದ. ಕಾಯಬೇಕಾದ ಕೋಣೆಗಳ ಹೆಸರು ಒಂದರ ಹಿಂದೊಂದು. ಕೊನೆಯದು ಮಾತ್ರ ಅರ್ಧಕ್ಕೇ ತುಂಡು. ಅಂದರೆ ಆ ಕೋಣೆಯನ್ನು ಇಷ್ಟು ದಿನ ಯಾರೂ ಕಾಯುತ್ತಲೇ ಇರಲಿಲ್ಲ. ಅಲ್ಲಿ ಪೆಟ್ಟಿಗೆ ಜೋಡಿಸುವವನು ಅವನ ಸ್ವಂತ ತಮ್ಮ.

"ಹಾಕಲ್ಲ ಮೇಡಂ," ಎಂದವನೇ ಫೋನ್ ಎತ್ತಿದ.

"ಏನಣ್ಣಾ ಇದು, ಕಿವಿ ಕಿತ್ತುಹೋಗ್ತಿದೆ," ಎಂದು ತಮ್ಮ ಆ ಕಡೆಯಿಂದ ನಕ್ಕ. "ಇನ್ನೊಂದು ಸಾಲು ಪೆಟ್ಟಿಗೆ ಇದೆ, ಮುಗಿಸಿ ಬಂದ್ಬಿಡ್ತೀವಿ."

"ಪೆಟ್ಟಿಗೆ ಹಾಳಾಗ್ಹೋಗ್ಲಿ! ಎಲ್ಲರನ್ನೂ ಎಳ್ಕೊಂಡು ಈಗಲೇ ಹೊರಗೆ ಬಾರೋ!"

ತಮ್ಮನ ಮೇಲೆ ಅವನು ಹಾಗೆ ಕಿರುಚಿದವನೇ ಅಲ್ಲ. ಮೆಟ್ಟಿಲು ಇಳಿದು ಅಂಗಳಕ್ಕೆ ಓಡುವಾಗ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಕೆಲಸಗಾರರು ಕೆಮ್ಮುತ್ತ ಹೊರಗೆ ಬಂದರು. ಎಲ್ಲರಿಗಿಂತ ಹಿಂದೆ ತಮ್ಮ, ಕಣ್ಣು ಕೆಂಡದಂತಾಗಿತ್ತು. ಗ್ಯಾಸ್ ಮುಖವಾಡ ಹಾಕಿಕೊಂಡ ಮೆಕ್ಯಾನಿಕ್ ಒಳಗೆ ನುಗ್ಗಿ ಸೋರುತ್ತಿದ್ದ ಕೊಳವೆ ಬಂದ್ ಮಾಡಿದ. ಮ್ಯಾನೇಜರಮ್ಮನೇ ನೀರಿನ ಕ್ಯಾನು ಹೊತ್ತು ತಂದರು.

ಅಣ್ಣ ಸುರಿದ ನೀರಿನಲ್ಲಿ ಕಣ್ಣು ತೊಳೆದುಕೊಳ್ಳುತ್ತ ತಮ್ಮ ಹೇಳಿದ: "ಈ ಘಾಟು ಹೊಸದೇನಲ್ಲಣ್ಣ, ಆಗಾಗ ಬರ್ತಾನೇ ಇತ್ತು. ಹುಡುಗರು ಹೆದರ್ಕೊಂಡಾಗೆಲ್ಲ ನಾನೇ ಧೈರ್ಯ ಹೇಳ್ತಿದ್ದೆ. ಗಂಟೆ ನೋಡ್ಕೊಳ್ಳೋನು ನಮ್ಮಣ್ಣ, ಅದು ಬಡೀಲಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ."