ಸೈಕಲ್ಲಿನ ಹಿಂದೆ ಕೊಂಬೆಯ ಸದ್ದು

ದೆವ್ವ ಭೂತದ ಮಾತು ಶುರುವಾದರೆ ನಾನು ಎದ್ದು ಹೊರಗೆ ಹೋಗುವವನು. ಈಗಲೂ ಅಷ್ಟೆ. ಕೊಪ್ಪದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ನನಗೆ ಅಂಥ ಕಥೆ ಕೇಳಿದರೆ ನಗುವಿಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ಆದ್ದರಿಂದ ಇದನ್ನು ಓದಿ ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಮೊದಲು ನನ್ನ ಅಣ್ಣನ ವಿಷಯ ಹೇಳಬೇಕು. ಅವನು ಕೆರೆಕಟ್ಟೆ ಕಡೆಯ ಕಾಡಂಚಿನ ಮನೆಗಳಿಂದ ಸೀಗೆಕಾಯಿ ಕೊಂಡು, ಮೂಟೆಯನ್ನು ಸೈಕಲ್ ಮೇಲೆ ಹೇರಿಕೊಂಡು ಶೃಂಗೇರಿಯ ಕಡೆಗೆ ಇಳಿಯುತ್ತಿದ್ದ. ಇಳಿಜಾರಿನ ಬುಡದಲ್ಲೇ ಅವನ ಮನೆ. ಭಾರ ಹೊತ್ತ ಸೈಕಲ್ಲಿಗೆ ಅಲ್ಲಿ ಬರೀ ಬ್ರೇಕ್ ಸಾಲದು. ಅದಕ್ಕೆ ಅಲ್ಲಿನವರೆಲ್ಲ ಎಲೆ ಸಮೇತ ಒಂದು ಹಸಿ ಕೊಂಬೆ ಕಡಿದು, ಹಗ್ಗದಲ್ಲಿ ಕ್ಯಾರಿಯರ್‌ಗೆ ಕಟ್ಟಿ, ರಸ್ತೆಯ ಮೇಲೆ ಎಳೆದುಕೊಂಡು ಇಳಿಯುತ್ತಿದ್ದರು. ಕೊಂಬೆ ನೆಲಕ್ಕೆ ಉಜ್ಜಿ ಸೈಕಲ್ ಓಡದಂತೆ ಹಿಡಿಯುತ್ತಿತ್ತು. ಅಣ್ಣ ಕೊಂಬೆ ಕಟ್ಟದೆ ಒಂದು ದಿನವೂ ಇಳಿದವನಲ್ಲ.

ಒಂದು ಚಳಿಗಾಲದ ಬೆಳಗ್ಗೆ ಅವನು ಕೊನೆಯ ತಿರುವಿನಲ್ಲಿ ಕಣಿವೆಗೆ ಬಿದ್ದು ಸತ್ತ. ಸೈಕಲ್ ಸಿಕ್ಕಿತು, ಮೂಟೆ ಸಿಕ್ಕಿತು. ಕ್ಯಾರಿಯರ್‌ನಲ್ಲಿ ಕೊಂಬೆಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಹಿಂದಿನ ದಿನ ಅವನಿಗೂ ಅತ್ತಿಗೆಗೂ ಜೋರು ಜಗಳವಾಗಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತ್ತು. ಬೇಕೆಂದೇ ಕೊಂಬೆ ಕಟ್ಟದೆ ಇಳಿದಿದ್ದಾನೆ, ಹೆಂಡತಿಯ ನಾಲಿಗೆಯೇ ಅವನನ್ನು ಕೊಂದಿತು ಎಂದು ಊರು ತೀರ್ಮಾನ ಮಾಡಿತು. ನಮ್ಮ ಅಮ್ಮ ಕಣ್ಣು ಮುಚ್ಚುವ ತನಕ ಅತ್ತಿಗೆಯ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ. ಅತ್ತಿಗೆ ಯಾರಿಗೂ ಎದುರಾಡಲಿಲ್ಲ, ಏಕೆಂದರೆ ಅವರೂ ಅದನ್ನೇ ನಂಬಿದ್ದರು. ನನಗೆ ತಡೆಯಲಾಗದೆ ಹೋದದ್ದು ಅದು.

ಕೆಲವು ವರ್ಷಗಳ ನಂತರ, ಮೊಬೈಲಿಗೆ ಸಿಗ್ನಲ್ ಹುಡುಕಿಕೊಂಡು ನಾವೆಲ್ಲ ಗುಡ್ಡ ಹತ್ತುತ್ತಿದ್ದ ಕಾಲದಲ್ಲಿ, ನನಗೆ ಸೈಕಲ್ ಹುಚ್ಚು ಹಿಡಿಯಿತು. ನರಸಿಂಹರಾಜಪುರದ ಗೆಳೆಯನೊಬ್ಬ ನನ್ನ ಗೇರ್ ಸೈಕಲ್ಲಿಗೆ ಹೊಸ ನಮೂನೆಯ ಬ್ರೇಕ್ ತರಿಸಿಕೊಟ್ಟ. ಜೊತೆಗೆ ಗಾಳಿ ನುಗ್ಗದ ಜಾಕೆಟ್, ಬೆರಳು ಪೂರ್ತಿ ಮುಚ್ಚುವ ಗ್ಲೌಸ್, ಕಿವಿಗೆ ಉಣ್ಣೆಯ ಪಟ್ಟಿ. ಎಲ್ಲ ಹಾಕಿಕೊಂಡು ಶೃಂಗೇರಿಯಲ್ಲಿ ಬೆಳಗಿನ ಬಸ್ಸಿಗೆ ನಿಂತಾಗ ಕಂಡಕ್ಟರ್, ಎಂತ ಮೇಷ್ಟ್ರೇ, ಹಿಮಾಲಯಕ್ಕೆ ಟಿಕೆಟ್ ಕೊಡ್ಲಾ ಎಂದು ಕೇಳಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದ. ಬ್ರೇಕ್ ಪರೀಕ್ಷೆಗೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳಲ್ಲ, ಆದರೆ ಕೊಂಬೆಯಿಲ್ಲದೆ ಇಳಿದರೆ ಆ ತಿರುವಿನಲ್ಲಿ ಏನಾಗುತ್ತದೆ ಎಂದು ನನಗೆ ಸ್ವತಃ ನೋಡಬೇಕಿತ್ತು. ನೋಡಿ ಏನು ತಿಳಿಯುತ್ತಿತ್ತೋ, ಗೊತ್ತಿಲ್ಲ.

ಕೆರೆಕಟ್ಟೆಯಲ್ಲಿ ಬಸ್ಸಿನಿಂದ ಇಳಿದಾಗ ಬೆಳಕಾಗಿತ್ತು, ಆದರೆ ಮಂಜು ದಟ್ಟವಾಗಿತ್ತು. ಜಾಕೆಟ್ ಒಳಗೆ ಮೈ ಬೆಚ್ಚಗಿತ್ತು. ಬ್ರೇಕ್ ಹೇಳಿದಂತೆ ಕೇಳುತ್ತಿತ್ತು. ಎರಡು ಬೆರಳು ಒತ್ತಿದರೆ ಸಾಕು. ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಹಿಂದೆ ಏನೋ ಎಳೆದ ಸದ್ದು ಕೇಳಿಸಿತು. ಕಿವಿಯ ಪಟ್ಟಿ ಉಜ್ಜುತ್ತಿರಬೇಕೆಂದು ಅದನ್ನು ಕತ್ತಿಗೆ ಇಳಿಸಿದೆ. ಸದ್ದು ಇನ್ನೂ ಸ್ಪಷ್ಟವಾಯಿತು. ಚಿಕ್ಕಂದಿನಿಂದ ಕೇಳಿದ ಸದ್ದು ಅದು, ರಸ್ತೆಯ ಮೇಲೆ ಹಸಿ ಎಲೆ ಉಜ್ಜುವುದು. ನಿಲ್ಲಿಸಿದೆ, ಅದೂ ನಿಂತಿತು. ತಿರುಗಿ ನೋಡಿದರೆ ಯಾರೂ ಇಲ್ಲ.

ಇಳಿದು ಹಿಂದಕ್ಕೆ ನಡೆದೆ. ರಸ್ತೆಯಲ್ಲಿ ಕೆಮ್ಮಣ್ಣು, ತರಗೆಲೆ, ಇಬ್ಬನಿ. ಅದರ ಮೇಲೆ ಗುಡಿಸಿದಂಥ ಒಂದು ಪಟ್ಟಿ. ಮುಂದೆ ಹೋದವರು ಯಾರೋ ಕೊಂಬೆ ಎಳೆದಿರಬೇಕು ಎನ್ನೋಣವೆಂದರೆ, ಅದು ನನ್ನ ಟೈರಿನ ಗುರುತನ್ನು ಅಳಿಸಿಕೊಂಡು ಬಂದಿತ್ತು. ನನಗೆ ಹೆದರಿಕೆಯಾಯಿತು. ಮರೆಮಾಚುವುದೇಕೆ, ಅಳುವೂ ಬಂತು.

ಮತ್ತೆ ಸೈಕಲ್ ಹತ್ತಿದೆ. ಸದ್ದು ಹಿಂದೆಯೇ ಬಂತು. ಕೊನೆಯ ತಿರುವು ಕಾಣುವ ಹೊತ್ತಿಗೆ ಅದು ತಟ್ಟನೆ ಕಡಿದುಹೋಯಿತು. ಅದೇ ಕ್ಷಣ ಸೈಕಲ್, ಹಿಂದಿನಿಂದ ಹಿಡಿದವರು ಕೈ ಬಿಟ್ಟಂತೆ, ಮುಂದಕ್ಕೆ ನುಗ್ಗಿತು. ಎರಡೂ ಬ್ರೇಕ್ ಬಲವಾಗಿ ಹಿಡಿದೆ. ಮುಂದಿನ ಚಕ್ರ ಕಣಿವೆಯ ಅಂಚಿನ ಹುಲ್ಲಿಗೆ ತಾಗಿ ನಿಂತಿತು. ಉಸಿರು ಸುಧಾರಿಸಿಕೊಂಡು ಹಿಂದಕ್ಕೆ ಹೋಗಿ ನೋಡಿದೆ. ಗುಡಿಸಿದ ಪಟ್ಟಿ ತಿರುವಿಗೆ ಸ್ವಲ್ಪ ಮೊದಲು ಮುಗಿದಿತ್ತು. ಅಲ್ಲಿಂದಾಚೆ ನನ್ನ ಟೈರಿನ ಗುರುತು ಮಾತ್ರ.

ಅಣ್ಣ ಕಟ್ಟಿದ್ದ ಹಗ್ಗದ ಗಂಟು ಇಲ್ಲೇ ಜಾರಿ, ಕೊಂಬೆ ಹಗ್ಗದ ಸಮೇತ ಕಳಚಿ ಬಿದ್ದಿದ್ದರೆ? ಕಾಡುರಸ್ತೆಯಲ್ಲಿ ಬಿದ್ದ ಒಂದು ಕೊಂಬೆಯನ್ನು ಆ ದಿನ ಯಾರು ಗಮನಿಸುತ್ತಿದ್ದರು? ಈ ಯೋಚನೆ ಹೊಳೆದದ್ದೇ ತಡ, ನೇರ ಅತ್ತಿಗೆಯ ಮನೆಗೆ ಹೋಗಿ, ಜಾಕೆಟ್ಟನ್ನೂ ಬಿಚ್ಚದೆ ಎಲ್ಲ ಹೇಳಿದೆ. ಅವರು ಒಲೆಯ ಮುಂದೆ ಕೂತು ಕೇಳಿಸಿಕೊಂಡರು.

“ಕಂಡದ್ದು ಹೌದಾ, ನನ್ನ ಸಮಾಧಾನಕ್ಕೆ ಹೇಳೂದಾ?”

ಕಂಡದ್ದು ಹೌದು ಎಂದೆ. ಅವರು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು, ಸೆರಗು ಹೊದ್ದುಕೊಂಡು, ಆ ಜಾಗ ತೋರಿಸು ಎಂದು ಹೊರಟರು. ನಾವು ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು, ಬಸ್ಸು ಜೀಪು ಓಡಾಡಿದ್ದವು, ರಸ್ತೆಯಲ್ಲಿ ಯಾವ ಗುರುತೂ ಉಳಿದಿರಲಿಲ್ಲ. ಅಂದಾಜಿನ ಮೇಲೆ ಒಂದು ಕಡೆ ನಿಂತು, ಪಟ್ಟಿ ಇಲ್ಲಿಗೆ ಮುಗಿದಿತ್ತು ಎಂದೆ. ಅಣ್ಣ ಕೊಂಬೆ ಕಟ್ಟಿಕೊಂಡೇ ಇಳಿದಿದ್ದಾನೆ, ಮನೆಗೆ ಬರಲೆಂದೇ ಹೊರಟಿದ್ದಾನೆ, ಇನ್ನಾದರೂ ಆ ಭಾರ ಇಳಿಸಿಬಿಡಿ ಎಂದೂ ಹೇಳಿದೆ. ಅವರ ಮುಖ ಹಗುರಾಗುತ್ತದೆಂದು ಕಾದೆ.

ಅತ್ತಿಗೆ ಆ ಜಾಗದಿಂದ ತಿರುವಿನ ತನಕ ನಿಧಾನವಾಗಿ ನಡೆದರು. ಅಂಚಿನಲ್ಲಿ ನಿಂತು ಕೆಳಗೆ ನೋಡಿದರು.

“ಇಷ್ಟು ದಿನ ಅವ್ರಿಗೆ ಸಾಯೂದು ಬೇಕಿತ್ತು ಅಂತಾದ್ರೂ ಅಂದ್ಕೊಂಡಿದ್ದೆ ತಮ್ಮಾ” ಎಂದರು. “ಹೀಗಾದ್ರೆ, ಅಲ್ಲಿಂದ ಇಲ್ಲಿ ತನಕ ಅವ್ರಿಗೆ ಬದುಕ್ಬೇಕು ಅಂತಿತ್ತಲ್ಲ.”

ಆ ಸದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಅವರಿಗೆ ಹೇಳಬೇಕಿತ್ತೋ ಬೇಡವಿತ್ತೋ, ಅದೂ ಗೊತ್ತಿಲ್ಲ.